ಜೂರಾಲದ ಬಂಡೆಯ ಮೇಲೆ ಸತ್ತ ಮೀನು

ನನ್ನ ತಮ್ಮ ನರಸಪ್ಪ ಮೀನನ್ನು ಬಿಡಲಿಲ್ಲ, ಕೊಂದ. ಕೊಂದ ಮೇಲೆ ನೀರಿಗೆ ಹಾಕಿದ. ಗದ್ವಾಲದಲ್ಲಿ ಅವನು ಹೇಳಿದ ಕಥೆ ಬೇರೆ ಇದೆ, ನಡೆದದ್ದು ಇಷ್ಟೇ.

ಬೆಳಿಗ್ಗೆ ನಾರಾಯಣಪೇಟೆ ಬಿಟ್ಟೆವು. ಗದ್ವಾಲದಲ್ಲಿ ಮೊಮ್ಮಗಳು ಸುಜಾತಾಳ ಮನೆಯಿದೆ, ಅವಳಿಗೊಂದು ಸೀರೆ ಕೊಡುವುದಿತ್ತು. ಮೊಣಕಾಲು ನೋವಿನ ಅಕ್ಕ ಒಬ್ಬಳೇ ಹೋಗಬಾರದೆಂದು ತಮ್ಮ ಜೊತೆಗೆ ಬರುತ್ತಾನೆ ಎಂದು ಮನೆಯವರು ಮೆಚ್ಚಿಕೊಂಡರು. ಅವನ ಚೀಲದಿಂದ ಗಾಳದ ಕೋಲು ಚಾಚಿಕೊಂಡಿದ್ದು ನನಗೆ ಕಂಡಿತ್ತು. ಬಸ್ಸು ಹೆಂಗಸರಿಗೆ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ತಮ್ಮ ಟಿಕೆಟ್ ತೆಗೆಸಿ, "ಮುಂದಿನ ಜನ್ಮಕ್ಕ ಹೆಣ್ಣಾಗೇ ಹುಟ್ಟತೀನಿ" ಎಂದ.

ಮಖ್ತಲ್‌ನಲ್ಲಿ ಬಸ್ಸು ಬದಲಿಸಬೇಕು. ನೆರಳಿಲ್ಲದ ಕಡೆ ಬಹಳ ಹೊತ್ತು ನಿಂತೆವು. ಬಜ್ಜಿ ತಿಂದೆವು, ಎಣ್ಣೆ ಹಳೆಯದು. ಎರಡನೆಯ ಬಸ್ಸಿನಲ್ಲಿ ಕಿಟಕಿಯಿಂದ ಬಿಸಿಗಾಳಿ. ತಮ್ಮ ಫೋನಿನಲ್ಲಿ ಒಂದು ಮೀನಿನ ಚಿತ್ರ ತೋರಿಸಿದ.

"ಅಕ್ಕಾ, ಇದಕ್ಕ ಮಹಶೀರ್ ಅಂತಾರ. ಈಗ ಬಾಳ ಕಮ್ಮಿ ಆಗ್ಯಾವ. ದೊಡ್ಡ ಹುರುಪಿ, ದಪ್ಪ ತುಟಿ, ಮೀಸಿ. ಗಾಳಕ್ಕ ಬಿದ್ದರ ನೀರಾಗಿಂದ ಮ್ಯಾಲ ಎತ್ತಬಾರದು. ಅಲ್ಲೇ ಕೊಕ್ಕಿ ಬಿಡಿಸಿ ಬಿಡಬೇಕು."

"ಬಿಡೋದಾದ್ರ ಹಿಡಿಯೋದ್ಯಾಕೋ?"

"ನಿನಗ ತಿಳಿಯಂಗಿಲ್ಲ ಬಿಡು."

ಗದ್ವಾಲಕ್ಕೆ ಮೊದಲೇ ಜೂರಾಲ ಅಣೆಕಟ್ಟೆಯ ಬಳಿ ಇಳಿದೆವು. ರಸ್ತೆಯುದ್ದಕ್ಕೂ ಮೀನು ಕರಿಯುವ ಅಂಗಡಿಗಳು. ಕೆಳಗೆ ಹೊಳೆಯ ಬಂಡೆಗಳು ಕಾದಿದ್ದವು. ನಾನು ಕಾಲು ನೀರಿಗಿಟ್ಟು ಕೂತೆ, ಅವನು ಗಾಳ ಬೀಸಿದ. ಕಣ್ಣು ಎಳೆಯುತ್ತಿದ್ದಾಗ ಕೋಲು ಬಾಗಿತು. ಮೇಲೆ ಬಂದ ಮೀನಿನ ಹುರುಪೆ ಹಳೆಯ ಬೆಳ್ಳಿ ರೂಪಾಯಿಯಷ್ಟು ಅಗಲ.

"ಇದು ನಿನ್ನ ಫೋನಿನಾಗಿಂದಾ ಅಲ್ಲೇನೋ?"

"ರೋಹು ಇರಬಹುದಕ್ಕಾ."

"ಮೀಸಿ ನೋಡು."

"ನೋಡ್ತೀನಿ, ತಡಿ."

ನೋಡಲಿಲ್ಲ. ಬಂಡೆಯ ಮೇಲೆ ಮಲಗಿಸಿ, ದಾರಿಹೋಕನೊಬ್ಬನಿಗೆ ತೆಲುಗಿನಲ್ಲಿ "ಅನ್ನಾ, ಒಕ್ಕ ಫೋಟೋ" ಎಂದ. ಒಂದು ನಿಂತು, ಒಂದು ಕೂತು, ಒಂದು ತಲೆಗೆ ಟವೆಲ್ ಸುತ್ತಿಕೊಂಡು. ಮೀನಿನ ಕಿವಿರು ಜೋರಾಗಿ ಆಡಿ ಆಡಿ ನಿಧಾನವಾಯಿತು.

"ನೀರಿಗಿ ಹಾಕೋ ಖೋಡಿ!"

"ಇನ್ನೊಂದಕ್ಕಾ. ಇದರಾಗ ಕಣ್ಣು ಮುಚ್ಚೀನಿ."

ನರಸಪ್ಪ ಮಗ್ಗದವನು. ಅಂಗಡಿಯವರು ಗದ್ವಾಲ ಸೀರೆಯೆಂದು ಬೇರೆ ಏನನ್ನೋ ತೂಗುಹಾಕಿದ್ದರೆ, ಅಂಚು ಕೂಡಿಸಿದ ರೀತಿ ನೋಡಿ ಬೀದಿಯ ಆಚೆಯಿಂದಲೇ ಹೇಳುತ್ತಾನೆ. ಅಂಥವನಿಗೆ ಕೈಯಲ್ಲಿದ್ದ ಮೀನಿನ ಗುರುತು ಹತ್ತಲಿಲ್ಲವೆಂದರೆ ನಾನು ನಂಬುವುದಿಲ್ಲ.

ಕೊನೆಗೆ ನೀರಿಗೆ ಹಾಕಿದ. ಅದು ಮಗ್ಗುಲಾಗಿ ತೇಲಿ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡು ಹೊಟ್ಟೆ ಮೇಲೆ ಮಾಡಿತು. ಅವನು ಬೆನ್ನು ತಿರುಗಿಸಿ ದಾರ ಸುತ್ತುತ್ತಿದ್ದ.

"ಸತ್ತೈತಿ," ಎಂದೆ.

"ಸುಸ್ತಾಗೈತಿ. ಆಮ್ಯಾಲ ಈಜತೈತಿ."

ಸಂಜೆ ಗದ್ವಾಲ ಮುಟ್ಟಿದೆವು. ಸುಜಾತಾ ಸೀರೆ ಉಟ್ಟು ತೋರಿಸಿದಳು. ಆದರೆ ಮನೆಯವರ ಕಣ್ಣೆಲ್ಲ ತಮ್ಮನ ಫೋನಿನ ಮೇಲೆ. ಅವಳ ಗಂಡ ರಾಘು ಹಿಗ್ಗಿಹೋದ.

"ಇಷ್ಟು ದೊಡ್ಡದು ಬಿಟ್ರೇನ್ರೀ ಮುತ್ಯಾ? ನಾಳೆ ಗೆಳೆಯರನ್ನ ಕರಕೊಂಡು ನಾವೂ ಹೋಗ್ತೀವ್ರಿ. ಹಿಡಿಯೋದು, ಫೋಟೋ ತಗಿಯೋದು, ಬಿಡೋದು. ಅದಕ್ಕೇನೂ ಆಗಂಗಿಲ್ಲಲ್ರಿ?"

"ಏನಾಗತೈತಿ? ಬಾಲ ಬಡಕೊಂತ ಹೋತು," ಎಂದ ನರಸಪ್ಪ, ನನ್ನ ಕಡೆ ನೋಡದೆ.

ಬೀಗರು ಕೂತಿದ್ದರು. ಅವರ ಮುಂದೆ ತಮ್ಮನ ಮಾನ ಕಳೆಯಲು ನನಗೆ ನಾಲಿಗೆ ಏಳಲಿಲ್ಲ. ದಣಿದೂ ಇದ್ದೆ. ಎರಡು ತುತ್ತು ಉಂಡು ಮಲಗಿದೆ. ನಿದ್ದೆ ಬರಲಿಲ್ಲ. ಇವರೆಲ್ಲ ನಾಳೆ ಬಂಡೆಯ ಮೇಲೆ ಸಾಲಾಗಿ ಮೀನು ಮಲಗಿಸುತ್ತಾರೆ, ತಮ್ಮ ಹೇಳಿದ್ದನ್ನು ನಂಬಿ.

ಮರುದಿನ ಬೆಳಿಗ್ಗೆ ರಾಘು ಮತ್ತು ಅವನ ಗೆಳೆಯರು ಬೈಕುಗಳಿಗೆ ಗಾಳದ ಕೋಲು ಕಟ್ಟುತ್ತಿದ್ದರು. ನಾನು ಚೀಲ ಹಿಡಿದು ರಾಘುವಿನ ಹಿಂದೆ ಹತ್ತಿ ಕೂತೆ.

"ಅಕ್ಕಾ, ಮೊಣಕಾಲು ನೋವು ಇಟಗೊಂಡು ನೀನ್ಯಾಕ?" ಎಂದು ತಮ್ಮ ಓಡಿಬಂದ.

"ನೀನೂ ಬಾ. ಮೀನು ತೋರಿಸೂದೈತಿ."

ಜೂರಾಲದ ಹೊಳೆಯಲ್ಲಿ ಎರಡು ಕಲ್ಲುಗಳ ನಡುವೆ ಮೀನು ಹಾಗೇ ಇತ್ತು. ಕಾಗೆಗಳು ಕಣ್ಣು ತಿಂದಿದ್ದವು. "ಬಾಲ ಬಡಕೊಂತ ಹೋಗಿದ್ದು ಇದಾ ನೋಡ್ರಿ," ಎಂದೆ. ಯಾರೂ ಫೋನು ತೆಗೆಯಲಿಲ್ಲ. ರಾಘು ಬಗ್ಗಿ ನೋಡಿ, "ಮುತ್ಯಾ, ಹೆಂಗ ಬಿಡಬೇಕಿತ್ರಿ?" ಎಂದು ಕೇಳಿದ.

ನರಸಪ್ಪ ನೀರನ್ನೇ ನೋಡುತ್ತ, "ನೀರಾಗಿಂದ ಎತ್ತಬಾರದಿತ್ತು," ಎಂದ.

ನಾನು ಮೊಣಕಾಲು ಹಿಡಿದುಕೊಂಡು ದಂಡೆ ಹತ್ತಿ, ಊರ ಕಡೆ ಹೋಗುವ ಮಖ್ತಲ್ ಬಸ್ಸಿಗೆ ಕೈ ಮಾಡಿದೆ.