ರಾಘಣ್ಣ ಮಾಸ್ತರರ ಪ್ರವರ ಮತ್ತು ಬಾಗಿಲು ಕಾಯುವ ಪೆಟ್ಟಿಗೆ

ಸವಣೂರಿನ ರಾಘಣ್ಣ ಮಾಸ್ತರರು ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಯಾರೆಂದು ಕೇಳಿದರೆ ಬರೀ ಹೆಸರು ಹೇಳಿ ಸುಮ್ಮನಾಗುವ ಜಾಯಮಾನ ಅವರದಲ್ಲ. ಒಮ್ಮೆ ಯಲವಿಗಿ ಸ್ಟೇಶನ್ನಿನಲ್ಲಿ ಯಾರೋ ಪುಣ್ಯಾತ್ಮ "ತಮ್ಮ ಹೆಸರೇನ್ರಿ?" ಎಂದು ಕೇಳಿದ. ಇವರ ಉತ್ತರ ಮುಗಿಯುವಷ್ಟರಲ್ಲಿ ಇಬ್ಬರ ರೈಲೂ ಹೋಗಿತ್ತು. ಅದರಲ್ಲಿ ತಮ್ಮ ತಪ್ಪೇನಿದೆಯೆಂದು ಮಾಸ್ತರರಿಗೆ ಇವತ್ತಿಗೂ ತಿಳಿದಿಲ್ಲ.

ನಿವೃತ್ತಿಯ ಮೇಲೆ ಅವರಿಗೆ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಮನೆ ಸಣ್ಣದೇನಲ್ಲ, ಹೆಂಡತಿ ಗೋಪಿಕಾಬಾಯಿಯವರ ಭಜನಾ ಮಂಡಳಿ ದೊಡ್ಡದು. ಪಡಸಾಲೆಯ ತುಂಬ ತಾಳ, ಹಾರ್ಮೋನಿಯಂ. ಮಾಸ್ತರರ ಪಾಲಿಗೆ ಅಡುಗೆಮನೆಯ ಮೂಲೆ ಮತ್ತು ಮೆಂತೆ ಸೊಪ್ಪು ಸೋಸುವ ಕೆಲಸ. ಹಾಗಾಗಿ ಅಣ್ಣನ ಮಗ ಶ್ರೀರಾಮ ತನ್ನ ತೆರಿಗೆ ಸಲಹೆಯ ಆಫೀಸಿಗೆ ಬಂದು ಕನ್ನಡ ಅರ್ಜಿ ಟೈಪು ಮಾಡಿಕೊಡಿರೆಂದು ಕರೆದಾಗ ಅವರು ಚಪ್ಪಲಿ ಮೆಟ್ಟಿಕೊಂಡೇ ಹೂಂ ಅಂದರು. ಅಲ್ಲಿ ಕಿಟಕಿಯ ಪಕ್ಕ ಅವರಿಗೊಂದು ಕುರ್ಚಿ ಸಿಕ್ಕಿತು. ವೀಳ್ಯದೆಲೆ ಬುಟ್ಟಿ ಹೊತ್ತು ಹೋಗುವವರೂ ಕಿಟಕಿಗೆ ಬಗ್ಗಿ "ನಮಸ್ಕಾರ್ರೀ ಸರ" ಅನ್ನುತ್ತಿದ್ದರು. ಆ ಕುರ್ಚಿಯೆಂದರೆ ಅವರಿಗೆ ಜೀವ.

ಈ ನಡುವೆ ಆಫೀಸಿನ ಒಂದು ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ಶ್ರೀರಾಮ ಹೆದರಿ, ಕಂಪ್ಯೂಟರ್ ಅಂಗಡಿಯ ಮುಬಶೀರನಿಂದ ಒಂದು ಫೈರ್‌ವಾಲ್ ಪೆಟ್ಟಿಗೆ ಕೊಂಡು ಗೋಡೆಗೆ ಹಾಕಿಸಿದ. ಆಫೀಸಿನ ಇಂಟರ್ನೆಟ್ಟೆಲ್ಲ ಅದರ ಮೂಲಕವೇ ಹೋಗಬೇಕು.

"ಇದು ಬಾಗಲಾ ಕಾಯೋ ಪೈಲ್ವಾನ್ರಿ ಸರ," ಎಂದು ಮುಬಶೀರ ಮಾಸ್ತರರಿಗೆ ತಿಳಿಸಿ ಹೇಳಿದ. "ನೀವು ಯಾರು ಅಂತ ಕೇಳತೈತಿ. ರಾಘಣ್ಣ ಅಂತ ಹೊಡದು ಪಾಸ್‌ವರ್ಡ್ ಕೊಟ್ರ ಒಳಗ ಬಿಡತೈತಿ."

ಮಾಸ್ತರರು ತಲೆಯಾಡಿಸಿದರು. ಆದರೆ ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಮನೆಮಂದಿ ಕರೆಯುವ ಹೆಸರು ಹೇಳುವುದು ಯಾವ ರೀತಿ? ಮರುದಿನ ಬೆಳಿಗ್ಗೆ ಅವರು ಕೈ ತೊಳೆದು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಹೆಸರಿನ ಜಾಗದಲ್ಲಿ ಗೋತ್ರ, ಋಷಿಗಳ ಸಮೇತ ತಮ್ಮ ಪ್ರವರವನ್ನೇ ಸಾವಕಾಶವಾಗಿ ಟೈಪು ಮಾಡಿದರು: ಚತುಃಸಾಗರ ಪರ್ಯಂತಂ ಗೋಬ್ರಾಹ್ಮಣೇಭ್ಯಃ ಶುಭಂ ಭವತು, ಕಾಶ್ಯಪ ಆವತ್ಸಾರ ನೈಧ್ರುವ ತ್ರಯಾರ್ಷೇಯ ಪ್ರವರಾನ್ವಿತ ಕಾಶ್ಯಪ ಗೋತ್ರೋತ್ಪನ್ನ... ಹೀಗೆ ಸೂತ್ರ, ಶಾಖೆ ದಾಟಿ ರಾಘವೇಂದ್ರ ಶರ್ಮಾ ಅಹಮಸ್ಮಿ ಭೋ ಅಭಿವಾದಯೇ ಎಂಬಲ್ಲಿಗೆ ಮುಗಿಸಿದರು. ಮುಂಜಿವೆಯಲ್ಲಿ ಕಲಿತದ್ದು, ಒಂದಕ್ಷರ ಬಿಡಲಿಲ್ಲ.

ಪೈಲ್ವಾನನ ಹಸಿರು ದೀಪ ಕೆಂಪಾಯಿತು. ಆಫೀಸಿನ ಇಂಟರ್ನೆಟ್ಟು ಸತ್ತಿತು. ಗುಮಾಸ್ತೆ ಸವಿತಾ ಹಣೆ ಬಡಿದುಕೊಂಡಳು. ಪೆಟ್ಟಿಗೆ ತಾನೇ ಎದ್ದು ಕೂತ ಮೇಲೆ ಅವಳು ಅವಸರದಲ್ಲಿ ಮಾಸ್ತರರ ಕಂಪ್ಯೂಟರಿನಲ್ಲೂ 'ರಾಘಣ್ಣ' ಎಂದು ಹೊಡೆದು ತೆರೆದುಕೊಟ್ಟಳು. ತಮ್ಮ ಪ್ರವರ ಅರಗಿಸಿಕೊಳ್ಳಲು ಪೆಟ್ಟಿಗೆಗೆ ಹೊತ್ತು ಬೇಕೆಂದು ಮಾಸ್ತರರು ತಿಳಿದರು. ದಿನಾ ಇದೇ ನಡೆಯಿತು. ನಿಮಗೆ ಗೊತ್ತಾಯಿತಲ್ಲ, ಆ ಆಫೀಸಿನಲ್ಲಿ ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಮುಬಶೀರ ಬಂದು ವೈರು ಬದಲಿಸಿದ, ಕರೆಂಟನ್ನು ಬೈದ, ಚಹಾ ಕುಡಿದು ಹೋದ.

ಕಡೆಗೆ ಸವಿತಾ ಶ್ರೀರಾಮನ ಕಿವಿಯಲ್ಲಿ ಹೇಳಿದಳು: "ಸರ, ಏಕಾದಶಿ ದಿನ ನೆಟ್ ಚಲೋ ಇರತೈತ್ರಿ. ಅವತ್ತು ಮಾಸ್ತರ ಬರಂಗಿಲ್ಲ ನೋಡ್ರಿ."

ಬಿ.ಕಾಂ. ಓದಿದ ಶ್ರೀರಾಮ ಮೊದಲು ನಕ್ಕ. ಮುಂದಿನ ಏಕಾದಶಿ ಬಂತು, ಇಂಟರ್ನೆಟ್ಟು ಹೊಳೆಯಂತೆ ಹರಿಯಿತು. ಆಮೇಲೆ ಅವನೂ ಕಾಲ್ಗುಣ ನಂಬಿದ. ರಿಟರ್ನ್ ತುಂಬುವ ಕೊನೆಯ ದಿನಗಳು ಬೇರೆ.

"ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ. ಸ್ವಲ್ಪ ದಿನಾ ಮನ್ಯಾಗ ಆರಾಮ ತಗೋರಿ."

"ಆರಾಮ? ನಿಮ್ಮ ಕಾಕೂನ್ನ ಕೇಳಿ ಹೇಳ್ಲಿಕತ್ತೀಯೇನು?" ಎಂದು ನಗಲು ನೋಡಿದರು ಮಾಸ್ತರರು. ನಗು ಬರಲಿಲ್ಲ. ಮರುದಿನ ಕಿಟಕಿಯಿಂದ ಇಣುಕಿದಾಗ ಕುರ್ಚಿಯ ಮೇಲೆ ಪ್ರಿಂಟರು ಕೂತಿತ್ತು. ಮನೆಗೆ ಹೋಗಿ ಮೆಂತೆ ಸೋಸಿದರು. ಎಲೆ ಎಸೆದು ಕಡ್ಡಿ ಉಳಿಸಿದರೆಂದು ಬೈಸಿಕೊಂಡರು. ಕಡೆಗೆ ರೇಗಿ ನೇರ ಮುಬಶೀರನ ಅಂಗಡಿಗೆ ನಡೆದರು.

"ನಾ ಏನ ತಪ್ಪ ಮಾಡೀನಪಾ? ನಿನ್ನ ಪೈಲ್ವಾನಗ ದಿನಾ ಪ್ರವರಾ ಹೇಳಿ ನಮಸ್ಕಾರ ಮಾಡೀನಿ. ಹಿಂಗ ಮರ್ಯಾದಿ ಕೊಟ್ಟವರು ಇನ್ನ್ಯಾರರ ಇದ್ದಾರೇನು?"

"ಪ್ರವರಾ ಅಂದ್ರ ಏನ್ರಿ ಸರ?"

ಮಾಸ್ತರರು ಹೇಳತೊಡಗಿದರು. ಮುಬಶೀರನ ಮುಖ ಬಿಳಿಚಿಕೊಳ್ಳುತ್ತ ಹೋಯಿತು. ಅವರು ಮುಗಿಸುವ ಮೊದಲೇ ಬೈಕಿನ ಮೇಲೆ ಕೂರಿಸಿಕೊಂಡು ಆಫೀಸಿಗೆ ತಂದ. ಎಲ್ಲರ ಎದುರು ಟೈಪು ಮಾಡಿಸಿದ. ಹಸಿರು ದೀಪ ಕೆಂಪಾಯಿತು.

"ಹೋತು!" ಎಂದಳು ಸವಿತಾ.

"ಕಾಲ್ಗುಣ ಅಲ್ರಿ ಇದು," ಎಂದ ಮುಬಶೀರ. "ಹೆಸರು ಭಾಳ ಉದ್ದ ಆದ್ರ ಪೆಟಗಿಗೆ ಹಿಡಸಂಗಿಲ್ಲ, ಎಚ್ಚರ ತಪ್ಪತೈತಿ. ಬಾಗಲಾ ಮುರಿಯೋದ ಬ್ಯಾಡ್ರಿ, ಯಾವ ಕಿಡಿಗೇಡಿಯರ ಉದ್ದನ ಹೆಸರು ಹೊಡದ್ರ ಸಾಕು, ಆಫೀಸ್ ಬಂದ್. ಇದಕ್ಕ ರಿಪೇರಿ ಅಪ್‌ಡೇಟ್ ಆವಾಗ್ಲೇ ಬಂದಿತ್ತು... ಆಮ್ಯಾಲ ಹಾಕಿದ್ರಾತು ಅಂತ ಬಿಟ್ಟಿದ್ನಿ." ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನ ಆಫೀಸುಗಳಿಗೂ ಅದೇ ಪೈಲ್ವಾನನನ್ನು ಮಾರಿದ್ದ ಪಾಪಿ ಅವನು.

ಮಾಸ್ತರರು ಶ್ರೀರಾಮನ ಕಡೆ ತಿರುಗಿದರು. "ನಿಂದೂ ಅದ ಪ್ರವರ ಅಲ್ಲೇನೋ? ನೀ ಯಾಕ ಒಂದ ದಿನಾನೂ ಹೇಳಲಿಲ್ಲ?"

ಶ್ರೀರಾಮ ಕೆಮ್ಮಿದ. "ಕಾಶ್ಯಪ..." ಎಂದು ಶುರುಮಾಡಿ ಅಲ್ಲೇ ನಿಂತ.

"ಪುಣ್ಯಾಕ ಮರತಾರ್ರಿ," ಎಂದ ಮುಬಶೀರ. "ನೆನಪಿದ್ದಿದ್ರ ಇಬ್ರೂ ಕೂಡಿ ಪೈಲ್ವಾನನ್ನ ಇಡೀ ದಿನಾ ಮಲಗಸ್ತಿದ್ರಿ."

ಸವಿತಾ ಬಿದ್ದು ಬಿದ್ದು ನಕ್ಕಳು. ಶ್ರೀರಾಮ ನಗಲಿಲ್ಲ. ಎದ್ದು ಹೋಗಿ ಪ್ರಿಂಟರನ್ನು ತಾನೇ ಎತ್ತಿ ಕೆಳಗಿಟ್ಟು, ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿದ. "ಕೂಡ್ರಿ ಕಾಕಾ. ತಪ್ಪ ನಂದು."

ಅಪ್‌ಡೇಟ್ ಹಾಕಿದ ಮೇಲೆ ಪೆಟ್ಟಿಗೆ ಬೀಳುವುದು ನಿಂತಿತು. ಈಗ ಅದು ಹೆಸರು ಉದ್ದವಾಯಿತೆಂದು ತಕರಾರು ಮಾಡುತ್ತದೆ, ಅಷ್ಟೇ. ಉಳಿದ ಊರುಗಳ ಪೆಟ್ಟಿಗೆ ಪರೀಕ್ಷಿಸಲು ಮುಬಶೀರ ಮಾಸ್ತರರನ್ನೇ ಕರೆದೊಯ್ದ. ಅಷ್ಟುದ್ದದ ಹೆಸರು ಅವನಿಗೆ ಇನ್ನೆಲ್ಲಿ ಸಿಗಬೇಕು?

ಮಾಸ್ತರರೀಗ ಬೆಳಿಗ್ಗೆ ಕುರ್ಚಿಯ ಬಳಿ ನಿಂತು ಪ್ರವರವನ್ನು ಬಾಯಲ್ಲೇ ಹೇಳಿ, ಆಮೇಲೆ ಕೂತು 'ರಾಘಣ್ಣ' ಎಂದು ಟೈಪು ಮಾಡುತ್ತಾರೆ. ಶ್ರೀರಾಮ ಪಕ್ಕದಲ್ಲಿ ನಿಂತು ದನಿಗೂಡಿಸುತ್ತಾನೆ. ಎರಡನೆಯ ಋಷಿಯ ಹತ್ತಿರ ಅವನು ಈಗಲೂ ತಡವರಿಸುತ್ತಾನೆ. ಅವನಿಗೆ ನೆನಪಾಗುವತನಕ ಮಾಸ್ತರರು ಕಾಯುತ್ತಾರೆ.