ಬೀಡಿನದೋ, ಅಲ್ಯೂಮಿನಿಯಮ್ಮಿನದೋ

ನನ್ನ ಗಂಡ ತೀರಿಕೊಂಡಾಗ ಅವರ ಲಾರಿಯ ಎಂಜಿನ್ ಬಿಚ್ಚಿತ್ತು. ಜಹೀರಾಬಾದಿನಲ್ಲಿ ಹೈವೇ ಪಕ್ಕದ ಶೆಡ್ಡಿನೊಳಗೆ ಬಾನೆಟ್ ಎತ್ತಿಕೊಂಡು ನಿಂತಿತ್ತು. ಕೆಟ್ಟು ನಿಂತ ಗಾಡಿಗಳನ್ನೂ ರಸ್ತೆ ಬಿಟ್ಟು ಇಳಿದ ಟ್ರ್ಯಾಕ್ಟರುಗಳನ್ನೂ ಎಳೆದು ತರುವ ಲಾರಿ ಅದು. ನ್ಯಾಲ್ಕಲ್ ಹತ್ತಿರ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದನ್ನು ಎಳೆಯುವಾಗ ಎಂಜಿನ್ ಕಾದು, ಅದರ ಹೆಡ್ ಸೀಳಿತ್ತು. ಹೆಡ್ ಎಂದರೆ ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಭಾಗ ಎಂದು ನನಗೆ ತಿಳಿದದ್ದೇ ಆಮೇಲೆ. ಹೊಸದು ಯಾವುದು ಹಾಕಲಿ ಎಂದು ಗಾಡಿ ರಿಪೇರಿಯ ಮಿಸ್ತ್ರಿ ಕೇಳಿದ್ದಕ್ಕೆ ಇವರು ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದಿದ್ದರು. ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಮಿಸ್ತ್ರಿ ಮನೆಗೆ ಬಂದ. ಚಹಾ ಅರ್ಧ ಕುಡಿದು ಕಪ್ಪು ಕೆಳಗಿಟ್ಟ.

"ಬೀಡಿಂದು ಹಾಕ್ಲೇನ್ರಿ ಭಾಬಿ, ಅಲ್ಯೂಮಿನಿಯಂದು ಹಾಕ್ಲೇನ್ರಿ? ಅಣ್ಣಾ ನಿಮ್ಮ ಮುಂದ ಏನರ ಅಂದಿದ್ರೇನ್ರಿ?"

ಎರಕದ ಕಬ್ಬಿಣಕ್ಕೆ ಮಿಸ್ತ್ರಿಗಳು ಬೀಡು ಎನ್ನುತ್ತಾರೆ. ನನ್ನ ಮುಂದೆ ಇವರು ಏನೂ ಹೇಳಿರಲಿಲ್ಲ. ಆ ರಾತ್ರಿ ಊಟ ಮಾಡುತ್ತ ಪಲ್ಯಕ್ಕೆ ಉಪ್ಪು ಕಡಿಮೆ ಎಂದಿದ್ದರು, ಅಷ್ಟೇ. ಹೆಂಡತಿಗೆ ಗೊತ್ತಿರಬೇಕು ಎಂದು ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ತಾಂಡೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಬೀಡಿನ ಹೆಡ್ ಒಂದೇ ಒಂದು ಇದೆ, ಆತ ಬಹಳ ದಿನ ಇಟ್ಟುಕೊಳ್ಳುವುದಿಲ್ಲ ಎಂದು ಮಿಸ್ತ್ರಿ ಹೇಳಿ ಹೋದ. ಆ ಲಾರಿ ಓಡಿದರೇ ನಮ್ಮ ಮನೆ ನಡೆಯುವುದು. ಕಬ್ಬಿನ ಹಂಗಾಮು ಶುರುವಾಗಿತ್ತು. ತಪ್ಪಾದದ್ದನ್ನು ಕೂಡಿಸಿ ಎಂಜಿನ್ ಮತ್ತೆ ಹೋದರೆ ಲಾರಿಯನ್ನು ಗುಜರಿಗೆ ಕೊಡುವುದೊಂದೇ ದಾರಿ.

ಒಳಗಿನಿಂದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಸಾವಾದ ಮನೆಗೆ ವರ್ಷ ತುಂಬುವ ತನಕ ಹೊಸದಾಗಿ ಕಬ್ಬಿಣ ತರಬಾರದು ಎಂಬುದು ನಮ್ಮ ಮನೆಯ ರೂಢಿ. ಹಂಚು, ಕುಡುಗೋಲು, ಒಂದು ಮೊಳೆ ಕೂಡ ಇಲ್ಲ. ಅಲ್ಯೂಮಿನಿಯಂ ಎಂದರೆ ಏನು ಎಂದು ಕೇಳಿದರು. ಹಾಲು ಕಾಸುವ ಬೋಗುಣಿ ತೋರಿಸಿದೆ.

"ಅದು ಜರ್ಮನ್ ಅಲ್ಲೇನು. ಕಬ್ಬಿಣ ಅಲ್ಲ ಬಿಡು. ಅದೇ ಹಾಕ್ಸು ಯವ್ವಾ."

ನನ್ನ ತಲೆಯೂ ಒಲೆಯ ಸುತ್ತಲೇ ತಿರುಗುತ್ತಿತ್ತು. ಜರ್ಮನ್ ಬೋಗುಣಿ ಬೇಗ ಕಾಯುತ್ತದೆ, ಬೇಗ ಆರುತ್ತದೆ, ಆದರೆ ಅದರ ತಳ ಉಬ್ಬಿಹೋಗಿದೆ. ಬೀಡಿನ ರೊಟ್ಟಿ ಹಂಚು ನಿಧಾನ, ಕಾದರೂ ಆಕಾರ ಬಿಡುವುದಿಲ್ಲ, ಆದರೆ ಒಮ್ಮೆ ಕೈಜಾರಿ ಬಿದ್ದು ಎರಡು ತುಂಡಾಗಿತ್ತು. ಲಾರಿಗೆ ಬೋಗುಣಿ ಒಳ್ಳೆಯದೋ ಹಂಚು ಒಳ್ಳೆಯದೋ? ಯೋಚಿಸಿದಷ್ಟೂ ಕಲಸಿಹೋಗುತ್ತಿತ್ತು. ನಡುವೆ ಇವರನ್ನೇ ಕೇಳಿದರಾಯಿತು ಎಂದು ಎದ್ದುನಿಂತದ್ದೂ ಉಂಟು.

ಶೆಡ್ಡಿಗೆ ಮೈದುನನ ಜೊತೆ ಹೋದೆ. ಅವನು ಟ್ರ್ಯಾಕ್ಟರ್ ಫ್ಯಾಕ್ಟರಿಯಲ್ಲಿ ನೌಕರಿ ಮಾಡುತ್ತಾನೆ. ಮಿಸ್ತ್ರಿ ಎರಡೂ ಹೆಡ್ ತರಿಸಿ ಗೋಣಿಚೀಲದ ಮೇಲೆ ಪಕ್ಕಪಕ್ಕ ಇಟ್ಟಿದ್ದ. ಅಲ್ಯೂಮಿನಿಯಮ್ಮಿನದನ್ನು ನಾನೇ ಎತ್ತಿ ನೋಡಿದೆ. ಬೀಡಿನದು ನೆಲ ಬಿಡಲಿಲ್ಲ. ಹಗುರ ಇದೆ, ಬಿಸಿ ಬೇಗ ಬಿಡುತ್ತದೆ, ಈಗ ಎಲ್ಲರೂ ಹಾಕುವುದು ಅದನ್ನೇ ಎಂದ ಮೈದುನ. ಸೀಳಿದ್ದು ಬೀಡಿನದೇ ಅಲ್ಲವೇ, ಮತ್ತೆ ಅದನ್ನೇ ಯಾಕೆ ಕೂಡಿಸಬೇಕು ಎಂದು ಕೇಳಿದ. ಎಂಜಿನ್ ತಣಿಸುವ ನೀರು ಸೋರಿ ಖಾಲಿಯಾಗಿತ್ತು, ಅಲ್ಯೂಮಿನಿಯಂ ಆಗಿದ್ದರೆ ಅದಕ್ಕೂ ಮೊದಲೇ ಬಾಗಿಹೋಗುತ್ತಿತ್ತು ಎಂದ ಮಿಸ್ತ್ರಿ.

"ನಿಮ್ಮ ಫ್ಯಾಕ್ಟ್ರ್ಯಾಗ ಹೊಸಾ ಗಾಡಿ ಮಾಡ್ತೀರಿ ಸಾಹೇಬ್ರ, ಕೆಟ್ಟು ಬಂದದ್ದು ನೋಡಾವ ನಾ."

ಮೈದುನ ಮಾತನಾಡುವಾಗ ಮೈದುನನದು ಸರಿ ಅನಿಸಿತು. ಮಿಸ್ತ್ರಿ ಮಾತನಾಡುವಾಗ ಮಿಸ್ತ್ರಿಯದು. ಇಬ್ಬರೂ ಸುಮ್ಮನಾದಾಗ ಯಾವುದೂ ಅನಿಸಲಿಲ್ಲ. ಅಣ್ಣ ಇದ್ದಿದ್ದರೆ ಏನನ್ನುತ್ತಿದ್ದ ಎಂದು ಮೈದುನ ಕೇಳಿದ. ಇಷ್ಟು ವರ್ಷ ಜೊತೆಗಿದ್ದೂ ಅದು ನನಗೆ ಗೊತ್ತಿಲ್ಲ ಎಂಬುದು ಆಗ ಸ್ಪಷ್ಟವಾಯಿತು. ಸ್ಪಷ್ಟವಾದದ್ದು ಅದೊಂದೇ.

ಕೆಡುವ ಮೊದಲು ಎರಡರಲ್ಲಿ ಯಾವುದು ತಿಳಿಸುತ್ತದೆ ಎಂದು ಮಿಸ್ತ್ರಿಯನ್ನು ಕೇಳಿದೆ.

ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ತಿಳ್ಸಾದು ಯಾವ್ದೂ ತಿಳ್ಸಲ್ರಿ ಭಾಬಿ. ಬಿಸಿ ತೋರ್ಸಾ ಕಾಟಾ ನೋಡ್ಕೋತ ಇರಬೇಕು. ನೋಡಾದು ಮರ್ತ್ರ, ಬೀಡು ಜರಾ ಹೊತ್ತು ತಡೀತದ. ಅಲ್ಯೂಮಿನಿಯಂ ತಡಿಯಂಗಿಲ್ಲ."

"ಹಂಗಾರ ಬೀಡಿಂದೇ ಕೂಡಸ್ರಿ," ಎಂದೆ.

"ಪಕ್ಕಾ ಏನ್ರಿ?"

"ಪಕ್ಕಾ ಇಲ್ರಿ. ಕೂಡಸ್ರಿ."

ಮೈದುನ ಹೊರಗೆ ನಡೆದ. ಮಿಸ್ತ್ರಿ ನಟ್ಟು ತಿರುಗಿಸುವ ಪಾನಾ ಕೈಗೆತ್ತಿಕೊಂಡ.

ಮನೆಗೆ ಬಂದು ಅತ್ತೆಗೆ ಕಬ್ಬಿಣದ್ದೇ ಎಂದು ಹೇಳಿದೆ. ಅವರು ಬೈಯಲಿಲ್ಲ. ಅಕ್ಕಿ ಹಸನು ಮಾಡುತ್ತಲೇ ಇದ್ದರು. "ಗಾಡಿ ಅಂಗಳದಾಗ ತರಬ್ಯಾಡ ಅನ್ನು," ಎಂದರು. "ರೋಡಿನ ಮ್ಯಾಲೇ ನಿಂದರ್ಲಿ."

ಈಗ ಲಾರಿ ಸಿರ್ಗಾಪುರದ ತನಕ ಹೋಗಿ ಕೆಟ್ಟ ಗಾಡಿಗಳನ್ನು ಎಳೆದು ತರುತ್ತದೆ. ಹೊಸ ಡ್ರೈವರ್ ಅದನ್ನು ಸಂಜೆ ನಮ್ಮ ಬಾಗಿಲಿನ ಎದುರು ರಸ್ತೆಯಂಚಿಗೆ ನಿಲ್ಲಿಸಿ ಹೋಗುತ್ತಾನೆ. ಅದರ ಹಿಂದಿನ ಗಾಲಿ ಅಂಗಳದ ಮಣ್ಣಿನ ಮೇಲಿದೆಯೋ ರಸ್ತೆಯ ಮೇಲಿದೆಯೋ ಹೇಳುವುದು ಕಷ್ಟ. ಅತ್ತೆ ಅದನ್ನು ನೋಡುತ್ತಾರೆ, ನಾನೂ ನೋಡುತ್ತೇನೆ. ಯಾವುದರ ಮೇಲಿದೆ ಎಂದು ಇಬ್ಬರೂ ಕೇಳುವುದಿಲ್ಲ.