ಮಗ್ಗವಿಲ್ಲದ ರೇಷ್ಮೆ ಊರು

"ಏನಮ್ಮಾ, ಅಲ್ಲೇ ನಿಂತ್ಕೊಂಡೆ? ಗೂಡು ಬೇಯ್ತಾ ಐತೆ, ಬಂದು ಕೂತ್ಕೋ" ಎಂದು ಪಕ್ಕದ ಮನೆಯ ಮುನಿಯಮ್ಮ ಕರೆದಾಗ ನಾನು ಮೂಗಿಗೆ ಸೆರಗು ಹಿಡಿದೆ. ನಮ್ಮ ಗುಳೇದಗುಡ್ಡದಲ್ಲಿ ಗೂಡು ಅಂದರೆ ಗುಬ್ಬಿಯದು. ಈ ಶಿಡ್ಲಘಟ್ಟದವರು ಅದನ್ನೂ ಬೇಯಿಸಿ ತಿನ್ನುತ್ತಾರೇನು? ಬರುತ್ತಿದ್ದ ವಾಸನೆಯೂ ಹಾಗೇ ಇತ್ತು. ಬಗ್ಗಿ ನೋಡಿದರೆ ಕುದಿಯುವ ನೀರಿನಲ್ಲಿ ರೇಷ್ಮೆಹುಳುವಿನ ಗೂಡುಗಳು, ಒಳಗೆ ಬೆಂದ ಹುಳುಗಳು, ಸುತ್ತ ಹೊಗೆಯಲ್ಲಿ ಕೂತ ಹೆಂಗಸರು.

ನಗಬೇಡಿ. ಅಜ್ಜಿಯ ಕಾಲದಿಂದ ರೇಷ್ಮೆ ನೇಯ್ದ ಮನೆಯವಳು ನಾನು, ಗೂಡು ನೋಡಿದ್ದು ಅವತ್ತೇ ಮೊದಲು. ನಮ್ಮ ಮನೆಗೆ ರೇಷ್ಮೆ ಬಣ್ಣ ಹಾಕಿಸಿಕೊಂಡು ಲಡಿಯಾಗಿ ಬರುತ್ತಿತ್ತು. ಹುಳುವಿನ ಸುದ್ದಿ ಯಾರಿಗೆ ಬೇಕಿತ್ತು?

ಇದಕ್ಕಿಂತ ದೊಡ್ಡ ತಪ್ಪೊಂದನ್ನು ನಾವು ರೈಲು ಹತ್ತುವ ಮೊದಲೇ ಮಾಡಿದ್ದೆವು. ನಮ್ಮ ಸೀಮೆ, ಇವರ ಸೀಮೆ ಎರಡೂ ಸೇರಿ ಒಂದೇ ಕನ್ನಡ ರಾಜ್ಯವಾಗಿ ಆಗಿನ್ನೂ ಒಂದೆರಡು ವರ್ಷ. ನಮಗೆ ನೇಯಲು ಕೊಟ್ಟಿದ್ದ ತಮ್ಮ ಮಗ್ಗವನ್ನು ಸಾವುಕಾರರು ಕಿತ್ತುಕೊಂಡಿದ್ದರು. "ಶಿಡ್ಲಘಟ್ಟ ಅಂದ್ರ ಬರೇ ರೇಷ್ಮಿ ಅಂತ" ಎಂದು ಯಾರೋ ನಮ್ಮ ಮನೆಯವರ ತಲೆ ತುಂಬಿದರು. ರೇಷ್ಮೆ ಇದ್ದಲ್ಲಿ ಮಗ್ಗ ಇರಲೇಬೇಕು ಎಂದು ನೇಕಾರರಲ್ಲದೆ ಇನ್ಯಾರು ಅಂದುಕೊಂಡಾರು? ಹುಬ್ಬಳ್ಳಿ, ಬೆಂಗಳೂರು ದಾಟಿ, ಕೊನೆಗೆ ಆಟಿಕೆಯಂಥ ಸಣ್ಣ ರೈಲಿನಲ್ಲಿ ಬಂದಿಳಿದೆವು.

"ಮಗ್ಗ ಯಾವ ಓಣ್ಯಾಗ ಅದಾವ್ರಿ?" ಎಂದು ಮುನಿಯಮ್ಮನನ್ನು ಕೇಳಿದೆ.

"ಮಗ್ಗನಾ? ಇಲ್ಲಿ ನೂಲು ಬಿಚ್ತೀವಿ ಕಣಮ್ಮ. ನೇಯೋರು ಬೇರೆ ಊರೋರು. ಓಣಿ ಅಂದ್ರೇನು?"

ಗೂಡಿನಿಂದ ಎಳೆ ತೆಗೆಯುವುದಕ್ಕೆ ಇವರು 'ಬಿಚ್ಚೋದು' ಅನ್ನುತ್ತಾರೆ. ನಮ್ಮಲ್ಲಿ ನೇಯ್ದದ್ದು ಕೆಟ್ಟಾಗ ಬಿಚ್ಚುತ್ತೇವೆ, ಅತ್ತೆಯ ಕೈಲಿ ಬೈಸಿಕೊಂಡು. ಇಲ್ಲಿ ಅದೇ ಹೊಟ್ಟೆಪಾಡು. ಬೇರೆ ದಾರಿಯಿರಲಿಲ್ಲ. ಮನೆಯವರು ಒಲೆಗೆ ಸೌದೆ ಹೊರಲು ನಿಂತರು, ನಾನು ಬಿಸಿನೀರಿನ ಮುಂದೆ ಕೂತೆ.

ಇಲ್ಲಿನ ಕನ್ನಡ ಅರ್ಧ ತೆಲುಗು. ನಾನು 'ಯವ್ವ' ಅಂದರೆ ಇವರಿಗೆ ನಗು. ಜೋಳದ ರೊಟ್ಟಿ ಕಣ್ಣಿಗೂ ಬೀಳದು; ರಾಗಿ ಮುದ್ದೆಯನ್ನು ಅಗಿಯಬಾರದಂತೆ, ನುಂಗಬೇಕಂತೆ. ನಾನು ಅಗಿದು ಅಗಿದು ಕೂತರೆ ಮುನಿಯಮ್ಮ, "ಎಲೆ ಅಡಿಕೆ ಹಾಕ್ಕೊಂಡಂಗೆ ತಿಂತೀಯಲ್ಲೇ ತಾಯಿ!" ಎನ್ನುತ್ತಿದ್ದಳು. ಮುದ್ದೆ ನುಂಗಲು ಕಲಿತೆ. ಬೆಂದ ಹುಳುವಿನ ವಾಸನೆಯನ್ನೂ ನುಂಗಿದೆ. ಮಗ್ಗ ತಪ್ಪಿದ್ದನ್ನು ಮಾತ್ರ ನುಂಗಲಾಗಲಿಲ್ಲ.

ಎರಡು ವರ್ಷ ತುಂಬುವ ಹೊತ್ತಿಗೆ ಮುನಿಯಮ್ಮನೇ ಸುದ್ದಿ ತಂದಳು. ಚಿಕ್ಕಬಳ್ಳಾಪುರದಲ್ಲಿ ಹೆಂಗಸರೇ ಸೇರಿ ನೇಯ್ಗೆ ಸಂಘ ಕಟ್ಟಿದ್ದಾರೆ. ನಡುವೆ ಸಾವುಕಾರರಿಲ್ಲ. ಸೀರೆಯ ಬೆಲೆ ಇವರೇ ಕೂತು ಗೊತ್ತುಮಾಡುತ್ತಾರೆ, ಕೂಲಿ ನೇಯ್ದವಳ ಕೈಗೇ ಸೇರುತ್ತದೆ. ಮಗ್ಗವೂ ಅವಳ ಹೆಸರಿಗೆ. ಒಂದು ಮಗ್ಗ ಖಾಲಿ ಇದೆ.

ನನ್ನ ಹೆಸರಿಗೆ! ಊರಲ್ಲಿ ನಾನು ನೇಯ್ದ ಸೀರೆಗಳೆಲ್ಲ ಗಂಡನ ಲೆಕ್ಕಕ್ಕೆ ಹೋಗುತ್ತಿದ್ದವು. ನಮ್ಮ ಮನೆಯವರೇ, "ಹೋಗಿ ನೋಡು. ಇಲ್ಲೇ ಇದ್ರ ಸಾಯ್ತೀ" ಎಂದರು.

ಸಂಘ ನೋಡಿಕೊಳ್ಳುತ್ತಿದ್ದವರು ಶಾರದಮ್ಮ, ಅಲ್ಲಿನ ಶಾಲೆ ಮೇಷ್ಟ್ರ ಹೆಂಡತಿ. ದೊಡ್ಡ ಪುಸ್ತಕ ಬಿಚ್ಚಿ, "ಯಾವೂರಮ್ಮ?" ಎಂದರು.

"ಗುಳೇದಗುಡ್ಡರೀ."

"ಈ ಸೀಮೆಯವರಿಗೆ ಮಾತ್ರ ಕೊಡೋದು ಅಂತ ಕಾನೂನಿದೆಯಲ್ಲಮ್ಮ."

"ಶಿಡ್ಲಘಟ್ಟ ಅಂತ ಬರಕೋರಿ" ಎಂದೆ. ಹುಟ್ಟಿದೂರಿನ ಹೆಸರು ಬಿಟ್ಟದ್ದು ಹೆತ್ತ ಅವ್ವನಿಗೇ ಮಾತು ತಪ್ಪಿದಂತಾಯಿತು. ಅವರು ಹಾಗೇ ಬರೆದುಕೊಂಡು, ಕಸುಬು ಎಂಬಲ್ಲಿ ನೇಕಾರ್ತಿ ಎಂದು ಬರೆದರು.

ಆಮೇಲೆ ಕುಣಿಯೊಳಗೆ ಕಾಲು ಬಿಟ್ಟು ಮಗ್ಗಕ್ಕೆ ಇಳಿದೆ. ಗೇಣುದ್ದ ನೇಯ್ದು ತೋರಿಸಬೇಕಿತ್ತು. ಕಾಲು ಏನನ್ನೂ ಮರೆತಿರಲಿಲ್ಲ. "ಆಯಮ್ಮನ ಕಾಲು ನೋಡೇ, ಎಂಗೆ ತುಳಿತಾಳೆ!" ಎಂದು ಪಕ್ಕದ ಮಗ್ಗದವಳು ಮೆಚ್ಚಿದಳು. ನಾಲ್ಕು ಬೆರಳಷ್ಟು ಬಟ್ಟೆ ಬರುವವರೆಗೆ ಲಾಳಿ ಓಡಿತು. ಒಂದು ಎಳೆ ತುಂಡಾಯಿತು. ಹೊಸೆದು ಸೇರಿಸಲು ಬೆರಳಿಟ್ಟೆ.

ಬೆರಳಿಗೆ ರೇಷ್ಮೆ ಸಿಕ್ಕಿಕೊಂಡಿತು.

ಎರಡು ವರ್ಷ ಬಿಸಿನೀರಲ್ಲಿ ಬೆಂದ ಬೆರಳು. ತುದಿಗಳಲ್ಲಿ ಚರ್ಮ ಸಿಪ್ಪೆ ಸಿಪ್ಪೆಯಾಗಿ ಎದ್ದಿತ್ತು. ಒಂದು ಎಳೆ ಬಿಡಿಸಲು ಹೋದರೆ ಮೂರು ಎಳೆ ಬರುತ್ತಿದ್ದವು. ನೇಯ್ದಿದ್ದ ಬಟ್ಟೆಯನ್ನು ಸವರಿದೆ, ಅದರ ಮೇಲೂ ಗೀರು ಬಿದ್ದು ಎಳೆ ಎದ್ದಿತು. ಕೈ ಎತ್ತಿದರೆ ಹಾಸಿನ ಎಳೆಗಳು ಜೊತೆಗೇ ಎದ್ದವು.

ಶಾರದಮ್ಮ ಕೆಳಗಿಳಿದು ಒಂದೊಂದೇ ಎಳೆ ಬಿಡಿಸಿದರು. "ವಿದ್ಯೆ ಇದೆ ಕಣಮ್ಮ, ಕೈ ಇಲ್ಲ. ಎರಡು ತಿಂಗಳು ಬಿಸಿನೀರು ಮುಟ್ಟಬೇಡಿ. ಹರಳೆಣ್ಣೆ ಹಚ್ಚಿ. ಚರ್ಮ ಬರುತ್ತೆ."

"ಎರಡು ತಿಂಗಳು ಏನು ತಿನ್ನೂಣ್ರಿ?"

ಒರಟಾಗಿಯೇ ಕೇಳಿದೆ. ಸಂಘ ಹೊಸದು, ಕೂರಿಸಿ ಉಣ್ಣಿಸುವಷ್ಟು ಶಕ್ತಿ ಅದಕ್ಕೆಲ್ಲಿ? ಅವರದು ತಪ್ಪು ಎಂದು ನಾನು ಹೇಳುವುದಿಲ್ಲ. "ಮಗ್ಗ ಅಷ್ಟು ದಿನ ಖಾಲಿ ಇಡೋಕಾಗಲ್ಲ. ಹೆಸರು ಹೊಡೆದುಹಾಕಲಾ?" ಎಂದರು ಮೆಲ್ಲಗೆ.

"ಬ್ಯಾಡ್ರಿ. ಇರಲಿ."

ಮಾರನೆಯ ದಿನ ಬೆಳಗ್ಗೆ ಒಲೆಯ ಮುಂದೆ ಕೂತೆ. ಮುನಿಯಮ್ಮ ಮುಖ ನೋಡಿದಳು, ತನ್ನ ಪಾಲಿನ ಬೆಂದ ಗೂಡುಗಳನ್ನು ಒಂದು ಹಿಡಿ ನನ್ನ ಕಡೆ ತಳ್ಳಿದಳು.

ಈಗ ನಮ್ಮೂರಿನವರಿಗೆ ಒಂದು ಮಾತು. ನಾನಿಲ್ಲಿ ನೇಯುತ್ತಿದ್ದೇನೆ ಎಂದು ಊರಲ್ಲಿರುವ ಅಕ್ಕನಿಗೆ ಬರೆದದ್ದು ಸುಳ್ಳು. ಅಕ್ಕ ಅದನ್ನು ಓಣಿಗೆಲ್ಲ ಹೇಳಿ, "ನೀ ನೇಯ್ದ ಒಂದು ಸೀರಿ ಕಳಸವ್ವಾ" ಎಂದು ಬರೆಸಿದ್ದಾಳೆ. ಮೂರು ವರ್ಷವಾಯಿತು, ಉತ್ತರ ಬರೆದಿಲ್ಲ. ವಾಪಸು ಬಾ ಎನ್ನುತ್ತೀರಿ. ಈ ಬೆರಳು ತಂದು ಅಲ್ಲಿ ಯಾವ ಮಗ್ಗಕ್ಕೆ ಇಳಿಯಲಿ? ಇಲ್ಲಿನವಳಾದೆನೇ ಎಂದರೆ, ಇವತ್ತಿಗೂ ಇವರಿಗೆ ನಾನು 'ಆ ಕಡೆಯಮ್ಮ'. ಶಿಡ್ಲಘಟ್ಟದ ನೇಕಾರ್ತಿ ಎಂಬ ಹೆಂಗಸು ಚಿಕ್ಕಬಳ್ಳಾಪುರದ ಆ ಪುಸ್ತಕದಲ್ಲಿ ಒಬ್ಬಳಿದ್ದಾಳೆ. ಅವಳ ಹೆಸರನ್ನು ಇನ್ನೂ ಯಾರೂ ಹೊಡೆದುಹಾಕಿಲ್ಲವಂತೆ.